ಸುಂಟರಗಾಳಿಯ ಬೆನ್ನು ಹತ್ತುವ ಮುನ್ನ

ಅಮೆರಿಕದ ಒಕ್ಲಹೋಮ, ಕಾನ್ಸಾಸ್ ಬಯಲುಗಳಿಗೆ ಸುಂಟರಗಾಳಿಯನ್ನು ನೋಡಲೆಂದು ಮೊದಲ ಬಾರಿಗೆ ಹೊರಡುವವರು ಕ್ಯಾಮೆರಾಕ್ಕಿಂತ ಮೊದಲು ಪಾರಾಗುವ ದಾರಿಯನ್ನು ಚಿಂತಿಸಬೇಕು. 2013ರ ಮೇ 31ರಂದು ಎಲ್ ರೆನೊ ಬಳಿ 4 ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಹಬ್ಬಿದ ಸುಂಟರಗಾಳಿ ಹಠಾತ್ತನೆ ದಿಕ್ಕು ಬದಲಿಸಿ, ನುರಿತ ಸಂಶೋಧಕ ಟಿಮ್ ಸಮಾರಸ್, ಅವರ ಪುತ್ರ ಪಾಲ್ ಹಾಗೂ ಸಹೋದ್ಯೋಗಿ ಕಾರ್ಲ್ ಯಂಗ್ ಅವರನ್ನು ಬಲಿ ತೆಗೆದುಕೊಂಡಿತು. ಅನುಭವದ ಕೊರತೆ ಅವರಿಗಿರಲಿಲ್ಲ.

ಆದ್ದರಿಂದ ಸಿದ್ಧತೆ ಅರಿವಿನಿಂದಲೇ ಆರಂಭವಾಗಬೇಕು. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯ ಸ್ಕೈವಾರ್ನ್ ತರಬೇತಿ ಉಚಿತವಾಗಿ ದೊರೆಯುತ್ತದೆ. ಮೊಬೈಲಿನಲ್ಲಿ ಕಾಣುವ ರಾಡಾರ್ ಚಿತ್ರ ಕೆಲವು ನಿಮಿಷ ಹಳೆಯದು. ಸಂಪರ್ಕ ಕಡಿದರೆ ಅದೂ ಇಲ್ಲ. ಕಾಗದದ ನಕ್ಷೆ, ಹವಾಮಾನ ರೇಡಿಯೊ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತುಂಬಿದ ಇಂಧನ ಟ್ಯಾಂಕು, ಅನುಭವಿ ಸಂಗಾತಿ ಜೊತೆಗಿರಲೇಬೇಕು. ನಿಸರ್ಗದ ಬಲವನ್ನು ಕಾಣಹೊರಟವರಿಗೆ, ಸಕಾಲದಲ್ಲಿ ಹಿಂದೆ ಸರಿಯುವ ವಿನಯವೇ ಮೊದಲ ಸಲಕರಣೆ.