ಆಗಮದ ಖಾತೆಗೆ ಸುಳ್ಳು ಜಮೆ

ಹೊರಲೋಕದಲ್ಲಿ ಜೀವವಿರಬಹುದೆಂದು ವಿಜ್ಞಾನಿಗಳ ಬಾಯಿಂದ ಒಂದು ಮಾತು ಹೊರಟರೆ ಸಾಕು, ಮರುದಿನವೇ ಅದನ್ನು ಜೈನಾಗಮದ ಖಾತೆಗೆ ಜಮಾ ಮಾಡುವ ಆತುರ ಜೈನ ಸಮಾಜದಲ್ಲಿ ಬೆಳೆದುಬಂದಿದೆ. ಪ್ರವಚನಗಳಲ್ಲಿ, ಪಾಠಶಾಲೆಗಳಲ್ಲಿ, ಟ್ರಸ್ಟುಗಳು ಉಚಿತವಾಗಿ ಹಂಚುವ ಕಿರುಪುಸ್ತಿಕೆಗಳಲ್ಲಿ ಈ ಆತುರ ಎದ್ದು ಕಾಣುತ್ತದೆ. ಇದನ್ನು ಧರ್ಮಪ್ರಭಾವನೆಯೆಂದು ನಂಬಿ ಸಂತೋಷಪಡುವವರೇ ಬಹಳ. ಲೆಕ್ಕ ಬಲ್ಲವರು ಇದನ್ನು ಸುಳ್ಳು ಜಮೆ ಎನ್ನುತ್ತಾರೆ.

ಇತ್ತೀಚಿನ ಉದಾಹರಣೆಯನ್ನೇ ನೋಡಬಹುದು. ಏಪ್ರಿಲ್ ತಿಂಗಳ ರಾತ್ರಿ ಹನೂರು ತಾಲ್ಲೂಕಿನ ಅಜ್ಜೀಪುರದಂತಹ ಊರಿನಲ್ಲಿ, ದೀಪದ ಬೆಳಕು ತಾಗದ ಹೊಲದ ಬದುವಿನ ಮೇಲೆ ನಿಂತರೆ ಸಿಂಹರಾಶಿಯ ಮಘಾ ನಕ್ಷತ್ರ ನಿಚ್ಚಳವಾಗಿ ಕಾಣುತ್ತದೆ. ಅದೇ ರಾಶಿಯ ದಿಕ್ಕಿನಲ್ಲಿ ಸುಮಾರು ೧೨೪ ಜ್ಯೋತಿರ್ವರ್ಷ ದೂರದಲ್ಲಿರುವ ಕೆ೨-೧೮ ಎಂಬ ಮಂಕಾದ ಕೆಂಪು ನಕ್ಷತ್ರವು ಬರಿಗಣ್ಣಿಗೆ ಕಾಣದು. ಅದನ್ನು ೩೩ ದಿನಕ್ಕೊಮ್ಮೆ ಸುತ್ತುವ, ಭೂಮಿಗಿಂತ ಎಂಟೂವರೆ ಪಟ್ಟು ಭಾರದ ಗ್ರಹವೊಂದಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಮತ್ತು ಅವರ ಸಂಗಡಿಗರು ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ ಆ ಗ್ರಹದ ವಾಯುಮಂಡಲದಲ್ಲಿ ಡೈಮಿಥೈಲ್ ಸಲ್ಫೈಡ್ ಅಥವಾ ಅದರ ಜಾತಿಯ ಮತ್ತೊಂದು ಅನಿಲದ ಕುರುಹು ದೊರೆತಿದೆಯೆಂದು ೨೦೨೫ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಭೂಮಿಯ ಮೇಲೆ ಈ ಅನಿಲವನ್ನು ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳು ಉಂಟುಮಾಡುತ್ತವೆ. ಇಷ್ಟರಿಂದಲೇ ‘ಜೀವ ಸಿಕ್ಕಿತು’ ಎಂಬ ಕೋಲಾಹಲ ಎದ್ದಿತು.

ಆ ವಿಜ್ಞಾನಿಗಳು ಹೇಳಿದ್ದೇನು? ತಮಗೆ ದೊರೆತ ಕುರುಹು ಕೇವಲ ಆಕಸ್ಮಿಕವಾಗಿರುವ ಸಂಭವ ಸಾವಿರಕ್ಕೆ ಮೂರು ಎಂದು. ಕೇಳುವವರಿಗೆ ಇದು ಅತ್ಯಲ್ಪವೆನಿಸೀತು. ಆದರೆ ‘ಕಂಡುಹಿಡಿದೆವು’ ಎಂದು ಹೇಳಲು ಆ ಶಾಸ್ತ್ರ ಬಯಸುವ ಮಿತಿ ಕೋಟಿಗೆ ಆರಕ್ಕಿಂತ ಕಡಿಮೆ; ಕೇಂಬ್ರಿಜ್‌ನವರ ಲೆಕ್ಕವನ್ನು ಅದೇ ಅಳತೆಗೆ ತಂದರೆ ಕೋಟಿಗೆ ಮೂವತ್ತು ಸಾವಿರ! ಇನ್ನಷ್ಟು ಗಂಟೆಗಳ ವೀಕ್ಷಣೆ ಬೇಕೆಂದು ಅವರೇ ಸ್ಪಷ್ಟವಾಗಿ ತಿಳಿಸಿದ್ದರು. ಮುಂದಿನ ಕೆಲವೇ ವಾರಗಳಲ್ಲಿ ಆಕ್ಸ್‌ಫರ್ಡ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಅವೇ ಅಂಕಿಗಳನ್ನು ಮರುಪರಿಶೀಲಿಸಿ, ಅಂತಹ ಕುರುಹು ದೃಢವಾಗಿ ನಿಲ್ಲುವುದಿಲ್ಲವೆಂದರು. ಜೀವಸಂಪರ್ಕವೇ ಇಲ್ಲದ ಧೂಮಕೇತುವೊಂದರಲ್ಲಿಯೂ ಅದೇ ಅನಿಲ ಪತ್ತೆಯಾಗಿದೆ. ವ್ಯಾಪಾರಿಗಳ ಲೆಕ್ಕದಲ್ಲಿ ಇಂತಹ ಬಾಬಿಗೆ ಅನಾಮತ್ತು ಖಾತೆಯೆಂಬ ಸ್ಥಳವಿದೆ: ಸ್ವರೂಪ ಇತ್ಯರ್ಥವಾಗುವವರೆಗೆ ಮೊತ್ತ ಅಲ್ಲಿಯೇ ಇರುತ್ತದೆ, ಯಾರೂ ಅದನ್ನು ಲಾಭವೆಂದು ಹಂಚಿಕೊಳ್ಳುವುದಿಲ್ಲ. ವಿಜ್ಞಾನಿಗಳು ಅನಾಮತ್ತಿನಲ್ಲಿಟ್ಟದ್ದನ್ನು ಶ್ರಾವಕರು ಲಾಭಕ್ಕೆ ಬರೆದುಕೊಂಡರು.

ಹತ್ತಿರದಲ್ಲಿಯೇ ಇಂತಹದೊಂದು ಹಿಂದೆ ನಡೆದಿತ್ತು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಇಸ್ರೋ ಸಂಸ್ಥೆ, ಖ್ಯಾತ ಖಗೋಳಶಾಸ್ತ್ರಜ್ಞ ಜಯಂತ ನಾರ್ಳೀಕರರ ನೇತೃತ್ವದಲ್ಲಿ ೨೦೦೫ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಬೆಲೂನೊಂದನ್ನು ಹಾರಿಸಿ, ೨೦ ರಿಂದ ೪೧ ಕಿಲೋಮೀಟರ್ ಎತ್ತರದ ಗಾಳಿಯ ಮಾದರಿಗಳನ್ನು ಸಂಗ್ರಹಿಸಿತು. ಹೈದರಾಬಾದ್ ಮತ್ತು ಪುಣೆಯ ಪ್ರಯೋಗಾಲಯಗಳು ಅವುಗಳಲ್ಲಿ ೧೨ ಬ್ಯಾಕ್ಟೀರಿಯಾ ಹಾಗೂ ೬ ಶಿಲೀಂಧ್ರಗಳ ವಸಾಹತುಗಳನ್ನು ಗುರುತಿಸಿದವು. ಮೂರು ಬ್ಯಾಕ್ಟೀರಿಯಾಗಳು ಹೊಸ ಪ್ರಭೇದಗಳೆಂದು ೨೦೦೯ರ ಮಾರ್ಚ್‌ನಲ್ಲಿ ಇಸ್ರೋ ಪ್ರಕಟಿಸಿತು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೋದ್ದೇ ಹೆಸರು, ಇನ್ನೊಂದಕ್ಕೆ ಫ್ರೆಡ್ ಹಾಯ್ಲ್ ಅವರ ಹೆಸರು. ಇವು ಭೂಮಿಯಾಚೆಯವೆಂದು ಈ ಅಧ್ಯಯನದಿಂದ ನಿರ್ಣಯವಾಗುವುದಿಲ್ಲವೆಂಬ ಮಾತು ಅದೇ ಪ್ರಕಟಣೆಯಲ್ಲಿತ್ತು. ಆ ಮಾತನ್ನು ನೆನಪಿಟ್ಟವರು ಕಡಿಮೆ. ಆರ್ಯಭಟನ ಹೆಸರು ಹೊತ್ತ ಜೀವಿ ಮುಂದಿನ ವರ್ಷಗಳಲ್ಲಿ ಸಾಧಾರಣ ಹೊಲದ ಮಣ್ಣಿನಲ್ಲಿ, ಬೆಳೆಗಳ ಬೇರಿನ ಬುಡದಲ್ಲಿ ದೊರೆಯಿತು. ೨೦೦೧ರಲ್ಲಿ ಕೇರಳದಲ್ಲಿ ಸುರಿದ ಕೆಂಪು ಮಳೆಯೂ ಅನ್ಯಲೋಕದ ಜೀವಕಣವೆಂಬ ಕೀರ್ತಿ ಪಡೆದು, ಕಡೆಗೆ ಮರದ ಕಾಂಡಕ್ಕೆ ಅಂಟಿ ಬೆಳೆಯುವ ಪಾಚಿಯ ಬೀಜಕವೆಂದು ತಿಳಿದುಬಂತು.

ವಾರ್ತೆಗಳು ಬಿದ್ದುಹೋದುವೆಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ನಾಳೆ ಒಂದು ವಾರ್ತೆ ನಿಜವೇ ಆದೀತು. ಆಗಲೂ ಆಗಮಕ್ಕೆ ಅದರಿಂದ ಸಾಕ್ಷಿ ದೊರೆತಂತಾಗದು. ಲೋಕವೆಲ್ಲ ಸೂಕ್ಷ್ಮ ನಿಗೋದ ಜೀವಗಳಿಂದ ತುಂಬಿದೆಯೆಂಬುದು ಆಚಾರ್ಯರ ವಚನ. ಆದರೆ ಆ ಸೂಕ್ಷ್ಮ ಜೀವಗಳು ಇಂದ್ರಿಯಗೋಚರವಲ್ಲವೆಂದೂ ಯಾವ ಪದಾರ್ಥವೂ ಅವುಗಳನ್ನು ತಡೆಯಲಾರದೆಂದೂ ಅವರೇ ಹೇಳಿದ್ದಾರೆ. ದೂರದರ್ಶಕಕ್ಕೆ ಸಿಕ್ಕ ಅನಿಲ ಅಂತಹ ಜೀವಗಳಿಗೆ ಹೇಗೆ ಸಾಕ್ಷಿಯಾದೀತು? ಒಂದು ಹನಿ ನೀರಿನಲ್ಲಿ ೩೬,೪೫೦ ಜೀವಿಗಳನ್ನು ಕ್ಯಾಪ್ಟನ್ ಸ್ಕೋರ್ಸ್ಬಿ ಸೂಕ್ಷ್ಮದರ್ಶಕದಲ್ಲಿ ಕಂಡನೆಂಬ ಮಾತು ಪುಸ್ತಿಕೆಯಿಂದ ಪುಸ್ತಿಕೆಗೆ ಸಾಗಿಬಂದದ್ದೂ ಇದೇ ದಾರಿಯಲ್ಲಿ. ಆ ಸಂಖ್ಯೆ ಸರಿಯೋ ತಪ್ಪೋ, ಹಾಗೆ ಕಾಣುವುವು ನೀರಿನಲ್ಲಿ ಓಡಾಡುವ ಜಂತುಗಳು. ಅಪ್ಕಾಯ ಜೀವಕ್ಕಾದರೋ ನೀರೇ ಶರೀರ. ಈ ಭೇದವನ್ನು ತಿಳಿಯದವನು ಆಗಮವನ್ನು ಸಮರ್ಥಿಸಲು ಹೊರಟು ಅದರ ಸಿದ್ಧಾಂತವನ್ನೇ ಕೆಡಿಸುತ್ತಾನೆ.

ಇನ್ನೊಂದು ಪುಟವನ್ನೂ ತೆರೆಯಬೇಕಾಗುತ್ತದೆ. ಚಾಮರಾಜನಗರ ಸೀಮೆಯ ಮಲೆಯೂರು ಕನಕಗಿರಿಯೊಂದಿಗೆ ಪರಂಪರೆ ಜೋಡಿಸುವ ಪೂಜ್ಯಪಾದಾಚಾರ್ಯರ ‘ಸರ್ವಾರ್ಥಸಿದ್ಧಿ’ಯಲ್ಲಿ ಜ್ಯೋತಿಷ್ಕ ದೇವರ ಸ್ಥಾನಗಳ ವಿವರಣೆಯಿದೆ. ಸಮತಲದಿಂದ ೭೯೦ ಯೋಜನದ ಮೇಲೆ ತಾರೆಗಳು, ೮೦೦ ಯೋಜನದಲ್ಲಿ ಸೂರ್ಯ, ೮೮೦ ಯೋಜನದಲ್ಲಿ ಚಂದ್ರ. ಮನುಷ್ಯರ ವಾಸ ಮಾನುಷೋತ್ತರ ಪರ್ವತದ ಈಚೆಗೆ ಮಾತ್ರ. ಕೆ೨-೧೮ಬಿ ಗ್ರಹದ ವಾರ್ತೆಯನ್ನು ಆಗಮಕ್ಕೆ ಜಮಾ ಮಾಡುವವರು ೧೨೪ ಜ್ಯೋತಿರ್ವರ್ಷವೆಂಬ ಅಂಕಿಯನ್ನು ಯಾವ ಕಡೆ ಬರೆಯುತ್ತಾರೆ? ವಿಜ್ಞಾನ ‘ಹೌದು’ ಎಂದಾಗ ಸಾಕ್ಷಿ, ‘ಅಲ್ಲ’ ಎಂದಾಗ ಮೌನ! ಜಮೆಯನ್ನು ಮಾತ್ರ ಬರೆದು ಖರ್ಚಿನ ಪುಟವನ್ನು ಹರಿದುಹಾಕಿದ ಕಿರ್ದಿ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಲೋಕದ ಸ್ವರೂಪವನ್ನು ಆಚಾರ್ಯರು ಜೀವನ ಗತಿ, ಕರ್ಮ, ವೈರಾಗ್ಯಗಳ ಸಲುವಾಗಿ ನಿರೂಪಿಸಿದರು. ಅದನ್ನು ಆ ನೆಲೆಯಲ್ಲಿ ಓದುವ ಶ್ರಾವಕನಿಗೆ ಕೇಂಬ್ರಿಜ್‌ನಿಂದ ರಸೀದಿ ಬೇಕಾಗಿಲ್ಲ.

ವಿಜ್ಞಾನದ ‘ಇರಬಹುದು’ ಎಂಬ ಮಾತೇ ಸ್ಯಾದ್ವಾದವೆಂದು ಹಿಗ್ಗುವವರು ಬೇರೆ. ‘ಸ್ಯಾತ್’ ಎಂದರೆ ಸಂಶಯವಲ್ಲವೆಂಬುದನ್ನು ಪಾಠಶಾಲೆಯ ಹುಡುಗನೂ ತಿಳಿದಿರಬೇಕು. ಒಂದು ಅಪೇಕ್ಷೆಯಿಂದ ನೋಡಿದಾಗ ವಸ್ತು ಹೀಗೆಯೇ ಇದೆ ಎಂಬ ನಿಶ್ಚಯ ಅದರಲ್ಲಿದೆ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರು ೧೯೫೪ರಲ್ಲಿ, ಜೀವವಿಜ್ಞಾನಿ ಹಾಲ್ಡೇನರು ೧೯೫೭ರಲ್ಲಿ ಸ್ಯಾದ್ವಾದವನ್ನು ಕುರಿತು ಬರೆದದ್ದು ನಿಜ, ಗೌರವದ ವಿಷಯವೂ ಹೌದು. ಎರಡು ವಿಚಾರಗಳನ್ನು ಪಕ್ಕದಲ್ಲಿಟ್ಟು ನೋಡುವ ವಿದ್ವತ್ತು ಬೇರೆ, ಒಂದರ ಮೇಲೆ ಇನ್ನೊಂದರ ಮೊಹರು ಒತ್ತುವುದು ಬೇರೆ.

‘ಹೀಗಾದರೂ ಯುವಕರಿಗೆ ಧರ್ಮದಲ್ಲಿ ಶ್ರದ್ಧೆ ಮೂಡಲಿ, ಹಾನಿಯೇನು?’ ಎಂಬುದು ಟ್ರಸ್ಟಿನ ಪದಾಧಿಕಾರಿಗಳ ಸಾಮಾನ್ಯ ಸಮಾಧಾನ. ಹಾನಿಯಿದೆ. ಹನ್ನೆರಡರ ಹುಡುಗಿ ಪಾಠಶಾಲೆಯಲ್ಲಿ ಇಸ್ರೋದ ಬ್ಯಾಕ್ಟೀರಿಯಾವನ್ನು ನಿಗೋದವೆಂದು ಕಲಿತು, ಇಪ್ಪತ್ತರಲ್ಲಿ ಬೆಂಗಳೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಮಣ್ಣಿನ ಬ್ಯಾಕ್ಟೀರಿಯಾವೆಂದು ಅರಿತಾಗ, ಆ ಒಂದು ಪಾಠವನ್ನು ಮಾತ್ರ ಬಿಡುವುದಿಲ್ಲ. ನೀರನ್ನು ಏಕೆ ಸೋಸಬೇಕು, ರಾತ್ರಿ ಏಕೆ ಉಣ್ಣಬಾರದು ಎಂದು ಅದೇ ಗುರುಗಳು ಹೇಳಿದ್ದನ್ನೂ ಅದರ ಜೊತೆಯಲ್ಲಿಯೇ ಬಿಡುತ್ತಾಳೆ. ಶ್ರದ್ಧೆಯನ್ನು ಬೀಳುವ ಗೋಡೆಗೆ ಒರಗಿಸಿದವರು ಅವಳನ್ನು ನಾಸ್ತಿಕಳೆಂದು ದೂರುವುದು ಅನ್ಯಾಯ.

ಈ ಪುಸ್ತಿಕೆಗಳ ಮುದ್ರಣಕ್ಕೆ ಹೋಗುವುದು ದಾನದ ಹಣ. ಜ್ಞಾನದಾನವೆಂದು ನಂಬಿ ಕೊಟ್ಟವರ ಹಣ. ಆದುದರಿಂದ ೨೦೦೯ರ ಅಥವಾ ೨೦೨೫ರ ವಾರ್ತೆಯನ್ನು ಆಗಮದ ಪ್ರಮಾಣವೆಂದು ಅಚ್ಚು ಮಾಡಿಸಿದ ಟ್ರಸ್ಟುಗಳು ಉಳಿದ ಪ್ರತಿಗಳ ವಿತರಣೆಯನ್ನು ನಿಲ್ಲಿಸಬೇಕು. ವಾರ್ಷಿಕ ವರದಿಯಲ್ಲಿ ತಿದ್ದುಪಡಿಯನ್ನು ಪ್ರಕಟಿಸಬೇಕು. ಪಾಠಶಾಲೆಗಳಲ್ಲಿ ತತ್ತ್ವಾರ್ಥಸೂತ್ರದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳನ್ನು ವಿಜ್ಞಾನದ ಒಗ್ಗರಣೆಯಿಲ್ಲದೆ ಇದ್ದಂತೆಯೇ ಪಾಠ ಹೇಳಿಸಬೇಕು. ದಶಲಕ್ಷಣ ಪರ್ವಕ್ಕೆ ಪ್ರವಚನಕಾರರನ್ನು ಆಹ್ವಾನಿಸುವಾಗ ಈ ವಿಷಯವನ್ನು ಪತ್ರದಲ್ಲಿಯೇ ತಿಳಿಸುವುದು ಒಳ್ಳೆಯದು; ಉತ್ತಮ ಸತ್ಯದ ದಿನಕ್ಕಾದರೂ ಕೆ೨-೧೮ಬಿ ಗ್ರಹಕ್ಕೆ ರಜೆ ಸಿಕ್ಕೀತು.