ಬಂದ ಕಾರಣವೇನು?

ರತ್ನಮಾಲಾ ತಾನು ಕಟ್ಟಿದ ಮಾಲಾ ಕೆಫೆಯನ್ನು ಮಗ ಹರ್ಷನಿಗೆ ಬಿಟ್ಟುಕೊಡದೆ ಸೊಸೆ ಭುವಿಯ ಕೈಗೆ ಯಾಕೆ ಒಪ್ಪಿಸಿದಳು? 'ಕನ್ನಡತಿ' ಧಾರಾವಾಹಿ ಮುಗಿದದ್ದು 2023ರ ಫೆಬ್ರುವರಿಯಲ್ಲಿ. ಈ ವಾದ ಮಾತ್ರ ಹಾನಗಲ್ಲಿನ ಕಡೆ ಇನ್ನೂ ಮುಗಿದಿಲ್ಲ. ಭುವಿಯ ಮೇಲಿನ ನಂಬಿಕೆಯೇ ಕಾರಣ ಎನ್ನುವವರಿದ್ದಾರೆ. ಮಗನ ಮುಂಗೋಪದ ಮೇಲಿನ ಅಂಜಿಕೆಯೇ ಕಾರಣ ಎನ್ನುವವರೂ ಇದ್ದಾರೆ. ವಯಸ್ಸಾದ ಹೆಂಗಸರು ಈ ಎರಡನ್ನೂ ಒಪ್ಪುವುದಿಲ್ಲ. "ಕಟ್ಟಿದಾಕಿ ಆಕಿ. ಯಾರ ಕೈಯಾಗ ಕೊಟ್ರ ಉಳೀತೈತಿ ಅನ್ನೂದು ಆಕಿಗೇ ಗೊತ್ತು. ಮಗಾ ಅಂದಕೂಡ್ಲೆ ಕೊಡಬೇಕಂತೇನೈತಿ?" ಉತಾರದಲ್ಲಿ ತಮ್ಮ ಹೆಸರಿಲ್ಲದ ಹೊಲದಲ್ಲಿ ಜೀವಮಾನವಿಡೀ ದುಡಿದವರು, ಅಣ್ಣತಮ್ಮಂದಿರ ವಾಟ್ನಿಯಲ್ಲಿ ಗೋಡೆ ಎದ್ದದ್ದನ್ನು ಕಣ್ಣಾರೆ ಕಂಡವರು ಆಡುವ ಮಾತಿದು. ಇದನ್ನು ಹರಟೆ ಎಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ನೋಡುಗರ ಮಾತಿಗೆ ಈ ಸಂಚಿಕೆಯಲ್ಲಿ ಕೆಲವು ಪುಟ ಬಿಟ್ಟಿದ್ದೇವೆ.

ಧಾರಾವಾಹಿ ಎಂದರೆ ಮೂಗು ಮುರಿಯುವುದು ಸಾಹಿತ್ಯ ಪತ್ರಿಕೆಗಳ ಹಳೆಯ ಚಾಳಿ. ಮುರಿಯಲು ಕಾರಣಗಳೂ ಬೇಕಾದಷ್ಟಿವೆ. ಆದರೆ ಮಾಡುವವರ ಮೇಲಿನ ಸಿಟ್ಟನ್ನು ನೋಡುವವರ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ. ಪಾತ್ರವೊಂದು ಹೀಗೆ ಯಾಕೆ ನಡೆದುಕೊಂಡಿತು ಎಂದು ಕೇಳುವ ರೂಢಿ ಈ ನಾಲ್ಕು ತಾಲೂಕುಗಳಿಗೆ ಟಿವಿಯ ಸಂಗಡ ಬಂದದ್ದಲ್ಲ. ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಯಾವ ಪಾತ್ರ ಬಂದರೂ, ರಾಜನಿರಲಿ ರಕ್ಕಸನಿರಲಿ, ಸಾರಥಿ ಬಿಡುವುದಿಲ್ಲ. ನೀವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳಿಯೇ ಕೇಳುತ್ತಾನೆ. ಕಿರೀಟ, ಭುಜಕೀರ್ತಿ ಹೊತ್ತು ಕುಣಿಯುತ್ತ ಬಂದವನು ನಿಂತು ಲೆಕ್ಕ ಒಪ್ಪಿಸಿದ ಮೇಲೆಯೇ ಕಥೆ ಮುಂದಕ್ಕೆ ಹೋಗುವುದು. ಜನರ ಪರವಾಗಿ ಕೇಳುವ ಕೆಲಸಕ್ಕೆಂದೇ ಒಬ್ಬನನ್ನು ಅಟ್ಟದ ಮೇಲೆ ನಿಲ್ಲಿಸಿದ ಕಲೆ ಅದು. ಬೆಳಕು ಹರಿದು ಮಂಗಳಾರತಿಯಾಗಿ ಸಾರಥಿಯ ಕೆಲಸ ಮುಗಿದರೆ ಅಗಸೀ ಕಟ್ಟೆಯ ಮೇಲೆ ಕುಳಿತವರ ಕೆಲಸ ಶುರು: ಕರ್ಣನಿಗೆ ಹುಟ್ಟಿನ ಗುಟ್ಟು ತಿಳಿದ ಮೇಲೂ ಅವನು ಕೌರವನ ಹತ್ತಿರವೇ ಉಳಿದದ್ದು ಉಪ್ಪಿನ ಋಣಕ್ಕೋ, ಹಟಕ್ಕೋ?

ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನೇ ನೋಡಿ. ಸಂಗ್ಯಾ ಸಾಯುತ್ತಾನೆ ಎನ್ನುವುದು ಆಟಕ್ಕೆ ಬಂದ ಕೂಸಿಗೂ ಗೊತ್ತು. ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವುದು ಬಾಳ್ಯಾನ ಸಲುವಾಗಿ. ಪ್ರಾಣದ ಗೆಳೆಯನನ್ನು ಅವನು ವೈರಿಗಳಿಗೆ ಒಪ್ಪಿಸಿದ್ದು ರೊಕ್ಕದ ಆಸೆಗೋ, ಜೀವದ ಹೆದರಿಕೆಗೋ, ಪರಹೆಂಡತಿಯ ಬೆನ್ನು ಹತ್ತಿದ ಗೆಳೆಯನ ಮೇಲಿನ ಬೇಸರಕ್ಕೋ? ಮೇಳದಿಂದ ಮೇಳಕ್ಕೆ ಬಾಳ್ಯಾನ ದನಿ ಬದಲಾದರೆ ಜನರ ತೀರ್ಪೂ ಬದಲಾಗುತ್ತದೆ. ಮುಂದೇನಾಗುತ್ತದೆ ಎನ್ನುವ ಕುತೂಹಲಕ್ಕೆ ಅಲ್ಲಿ ಬೆಲೆಯೇ ಇಲ್ಲ.

1988ರ ಅಕ್ಟೋಬರ್‌ನಿಂದ 1990ರ ಜೂನ್‌ವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ಕ್ಕೆ ಹಳ್ಳಿಗಳಲ್ಲಿ ಅಷ್ಟು ಬೇಗ ಜನ ಕೂಡಿದ್ದರ ಗುಟ್ಟೂ ಇದೇ. ಹಿಂದಿ ಬಾರದವರು ಹಿಂದಿಯ ಧಾರಾವಾಹಿ ನೋಡಿದರು. ಕಥೆ ತಮ್ಮದೇ, ತಿಳಿಯಬೇಕಾದದ್ದು ಮಾತಿನ ಮರ್ಮವಷ್ಟೆ. ಆ ಮಾತುಗಳನ್ನು ಬರೆದವರು ರಾಹಿ ಮಾಸೂಮ್ ರಜಾ. 1948ರವರೆಗೆ ನವಾಬರ ಆಳ್ವಿಕೆಯಿದ್ದ ಸವಣೂರಿನಲ್ಲಿ ಆ ಹಿಂದಿ ತಿಳಿಯಬಲ್ಲ ಉರ್ದು ಮನೆಮಾತಿನವರಿಗೆ ಬರವಿಲ್ಲ. ಅವರು ಮಾತು ಬಿಡಿಸಿ ಹೇಳಬೇಕು, ಪುರಾಣ ಕೇಳಿ ಬೆಳೆದ ಹಿರಿಯರು ಅದರ ಹಿಂದಿನ ಕಥೆ ಹೇಳಬೇಕು. ಒಂದೇ ಟಿವಿಯ ಮುಂದೆ ಇಂಥ ಕೊಡುಕೊಳ್ಳುವಿಕೆ ನಡೆಯಲು ಸವಣೂರಿಗಿಂತ ಒಳ್ಳೆಯ ಊರು ಬೇಕೆ? ಭೀಷ್ಮ ಸಭೆಯಲ್ಲಿ ಯಾಕೆ ಸುಮ್ಮನೆ ಕುಳಿತ ಎಂಬ ಜಗಳಕ್ಕಂತೂ ಯಾವ ಭಾಷೆಯೂ ಅಡ್ಡಿಯಾಗಲಿಲ್ಲ.

ಪಂಡಿತರೂ ಇದೇ ಜಗಳ ಆಡಿದ್ದಾರೆ ಎನ್ನುವುದನ್ನು ಮರೆಯಬಾರದು. ರನ್ನ ತನ್ನ ಕಾವ್ಯದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿದ. ಓದುಗರ ಮನಸ್ಸು ದುರ್ಯೋಧನನ ಕಡೆ ವಾಲಿತು. ಬಿ.ಎಂ.ಶ್ರೀ ಅದೇ ಕಾವ್ಯದಿಂದ ದುರ್ಯೋಧನನ ದುರಂತವನ್ನು ನಾಟಕವಾಗಿ ಕಡೆದು ತೆಗೆದರು. ಇನ್ನು ಹಿರೇಕೆರೂರಿನವರಿಗೆ ಕೌರವ ಎಂಬುದು ಬೈಗುಳವೇ ಅಲ್ಲ: 1998ರ 'ಕೌರವ' ಚಿತ್ರದ ನಾಯಕ ಬಿ.ಸಿ. ಪಾಟೀಲರನ್ನು ಅದೇ ಹೆಸರಿನಿಂದ ಕರೆದು, ಮತ ಹಾಕಿ ವಿಧಾನಸಭೆಗೂ ಕಳಿಸಿದವರು ಅವರು.

ಕನ್ನಡದ ಧಾರಾವಾಹಿಗಳಲ್ಲಿ ಈ ಕೇಳುವ ಬುದ್ಧಿಗೆ ಮರ್ಯಾದೆ ಕೊಟ್ಟದ್ದು ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ 'ಮಾಯಾಮೃಗ', 1998ರಲ್ಲಿ. ಬಳಿಕ 'ಮನ್ವಂತರ', 'ಮುಕ್ತ'. ಸೀತಾರಾಮರ ಕೋರ್ಟು ಕಟಕಟೆಯನ್ನು ಗೇಲಿ ಮಾಡುವವರುಂಟು. ನಮಗೇನೋ ಅದು ಸಾರಥಿಯೇ ಕರೀಕೋಟು ಹಾಕಿಕೊಂಡು ಬಂದಂತೆ ಕಾಣುತ್ತದೆ. ಪಾತ್ರವನ್ನು ಎದುರಿಗೆ ನಿಲ್ಲಿಸಿ, ಮಾಡಿದ್ದನ್ನು ಯಾಕೆ ಮಾಡಿದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುವ ವ್ಯವಧಾನ ಅಲ್ಲಿತ್ತು.

ಈಗಿನ ಕಷ್ಟ ಬೇರೆ. ವಾರಕ್ಕೆ ಐದಾರು ಕಂತು, ಗುರುವಾರ ಬಂದರೆ ಟಿಆರ್‌ಪಿ. ಅಂಕ ಇಳಿದರೆ ಕಥೆ ತಿರುಗುತ್ತದೆ, ಕಥೆಯ ಜೊತೆ ಪಾತ್ರದ ಸ್ವಭಾವವೂ ತಿರುಗುತ್ತದೆ. ನಿನ್ನೆಯವರೆಗೆ ಹಾಲಿಗೆ ವಿಷ ಬೆರೆಸುತ್ತಿದ್ದ ನಾದಿನಿ ಇವತ್ತು ಅತ್ತಿಗೆಯ ಕಾಲು ಹಿಡಿಯುತ್ತಾಳೆ. ನಮಗೆ ಬಂದ ಬರಹಗಳಲ್ಲಿ ಅತಿ ಹೆಚ್ಚು ದೂರು ಇದರ ಮೇಲೆಯೇ ಇದೆ, ಕೆಟ್ಟತನದ ಮೇಲಲ್ಲ. ಕೆಟ್ಟವಳಿಗೊಂದು ಕಾರಣ ಕೊಟ್ಟರೆ ಎಂಥ ಕೇಡನ್ನೂ ನಮ್ಮ ನೋಡುಗರು ಸಹಿಸುತ್ತಾರೆ. ಕಾರಣವಿಲ್ಲದೆ ಒಳ್ಳೆಯವಳಾಗುವುದನ್ನು ಮಾತ್ರ ಸಹಿಸುವುದಿಲ್ಲ. "ನಿನ್ನೆ ಇದ್ದಾಕಿ ಎಲ್ಲಿ ಹ್ವಾದ್ಲು?" ಎನ್ನುತ್ತಾರೆ.

2021ರ ಡಿಸೆಂಬರಿನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಈ ವಾದಗಳ ದೊಡ್ಡ ಕಣ. ಗಂಡುಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ತಾಯಿಯಾಗಿ ಉಮಾಶ್ರೀ. ಆ ಗಂಡನನ್ನು ಪುಟ್ಟಕ್ಕ ಕ್ಷಮಿಸಬೇಕೋ ಬೇಡವೋ ಎಂಬುದರ ಮೇಲೆ ಒಂದೇ ಮನೆಯ ಅತ್ತೆ ಸೊಸೆ ಎರಡು ಪಕ್ಷವಾದದ್ದುಂಟು. ಅಚ್ಚರಿಯೆಂದರೆ ಅತ್ತೆಯೇ "ಬ್ಯಾಡ" ಎನ್ನುವ ಕಡೆ. ಆಮೇಲೆ 2024ರಲ್ಲಿ ನಡುವಿನ ಮಗಳು ಸ್ನೇಹಾಳ ಸಾವು ಬಂತು. ಓದಿ ಜಿಲ್ಲಾಧಿಕಾರಿಯಾದ ಹುಡುಗಿ. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿದರು, ಅವಳ ಹೆಸರೂ ಸ್ನೇಹಾ!

ಹಳ್ಳಿಯ ನೋಡುಗರಿಗೆ ನಟಿ ಯಾರು, ಪಾತ್ರ ಯಾವುದು ಎಂಬ ಭೇದ ತಿಳಿಯುವುದಿಲ್ಲ ಎಂದು ನಗರದಲ್ಲಿ ಕುಳಿತು ಬರೆಯುವವರು ಈ ಪ್ರಸಂಗದ ಮಾತುಗಳನ್ನು ಓದಬೇಕು. ಸ್ನೇಹಾಳಾಗಿದ್ದ ನಟಿ ಧಾರಾವಾಹಿ ಬಿಟ್ಟರು, ಅದಕ್ಕೇ ಪಾತ್ರ ಸತ್ತಿತು ಎನ್ನುವುದು ಬರೆದವರೆಲ್ಲರಿಗೂ ಗೊತ್ತಿದೆ. ಶಿಗ್ಗಾವಿ ತಾಲೂಕಿನವರಿಗೆ ಇದು ಹೊಸ ಪಾಠವೂ ಅಲ್ಲ. ದೊಡ್ಡಾಟಕ್ಕಾಗಿಯೂ ದುಡಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಗೊಟಗೋಡಿಯಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ರಾಜಕುಮಾರ್ ಅವರ ಹಲವು ಪಾತ್ರಗಳು ಬೇರೆ ಬೇರೆ ಮೂರ್ತಿಗಳಾಗಿ ನಿಂತಿವೆ. ನೋಡುಗರ ತಕರಾರು ನಟಿ ಹೋದದ್ದಕ್ಕಲ್ಲ. ನಟಿ ಹೋದರೆ ಹೋಗಲಿ, ಅಷ್ಟು ಕಷ್ಟಪಟ್ಟು ಮೇಲೆ ಬಂದ ಹೆಣ್ಣನ್ನೇ ಕೊಲ್ಲಬೇಕಿತ್ತೆ, ದೂರದ ಊರಿಗೆ ವರ್ಗ ಮಾಡಿದ್ದರೆ ಸಾಲದಾಗಿತ್ತೆ ಎನ್ನುವುದು ಅವರ ಪ್ರಶ್ನೆ. ಸರಕಾರಿ ನೌಕರಿಯ ಮನೆಗಳಲ್ಲಿ ವರ್ಗಾವಣೆಯ ರುಚಿ ಕಂಡವರಿಗೇ ಹೊಳೆಯುವ ಉಪಾಯ. ಚಿತ್ರಕಥೆ ಬರೆಯುವವರಿಗೆ ಯಾಕೆ ಹೊಳೆಯಲಿಲ್ಲವೋ. ಕಸಿ ಹೃದಯದ ತಿರುವನ್ನು ಮೆಚ್ಚಿದವರೂ ಇದ್ದಾರೆ. ನಾವು ಒಪ್ಪುವುದಿಲ್ಲ, ಆದರೂ ಅವರ ಬರಹ ಕತ್ತರಿಸಿಲ್ಲ.

ಹಾನಗಲ್ಲ ತಾಲೂಕಿನ ಶೇಷಗಿರಿಯಂಥ ಪುಟ್ಟ ಊರಿನಲ್ಲಿ ಗಜಾನನ ಯುವಕ ಮಂಡಳ ನಾಟಕವನ್ನು ಊರಿನ ಮನೆಗೆಲಸದಷ್ಟು ಸಹಜ ಮಾಡಿದೆ. ಅಂಥ ಕಡೆಯಿಂದ ಬಂದ ಬರಹಗಳಲ್ಲಿ ಕಣ್ಣು ಇನ್ನೂ ಚುರುಕು. ಸಂಭಾಷಣೆಯಲ್ಲಿ ಕಾರಣ ಹೇಳಿಸುವುದಕ್ಕೂ ನಡೆಯಲ್ಲಿ ಕಾರಣ ತೋರಿಸುವುದಕ್ಕೂ ಇರುವ ಅಂತರವನ್ನು ಒಬ್ಬರು ಎರಡೇ ಸಾಲಿನಲ್ಲಿ ಹೇಳಿದ್ದಾರೆ. ವಿಮರ್ಶೆಯ ಪಾಠ ಹೇಳುವ ನಾವು ಅದಕ್ಕೆ ಎರಡು ಪುಟ ತೆಗೆದುಕೊಳ್ಳುತ್ತಿದ್ದೆವು.

ಬರಹಗಳ ಆಡುಮಾತನ್ನು ತಿದ್ದಿಲ್ಲ. ಮುಂದಿನ ಸಂಚಿಕೆಗೆ ಕಳಿಸುವವರು ಕಥಾಸಾರ ಬರೆಯಬೇಡಿ, ಕಥೆ ಎಲ್ಲರಿಗೂ ಗೊತ್ತು. ಯಾವ ಪಾತ್ರದ ಯಾವ ನಡೆ ನಿಮಗೆ ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ, ಅಷ್ಟು ಸಾಕು. ಬರೆಯಲು ಬಾರದವರು ಮೊಮ್ಮಕ್ಕಳ ಕೈಲಿ ವಾಟ್ಸಾಪಿನಲ್ಲಿ ದನಿ ಕಳಿಸಿದರೂ ನಡೆದೀತು, ನಾವೇ ಬರೆದುಕೊಳ್ಳುತ್ತೇವೆ.