"ಓಡ್ತಾ ಇದೆಯಲ್ಲ, ಯಾಕೆ ಮುಟ್ತೀರಿ?" | ಭಾಗ 3

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಟೀಮಲ್ಲಿ ಕೂತ್ರೂ ಈ ಮಾತು ಕೇಳಿಸುತ್ತೆ. ನಾನೂ ಹೇಳಿದ್ದೀನಿ, ಸುಳ್ಳು ಯಾಕೆ.

ಓಪನ್‌ಎಸ್‌ಎಸ್‌ಎಲ್ ಕೂಡ ಓಡ್ತಾನೇ ಇತ್ತು. ಬ್ರೌಸರ್‌ನಲ್ಲಿ ಬೀಗದ ಗುರುತು ಕಾಣುತ್ತಲ್ಲ, ಅದರ ಹಿಂದಿನ ಕೆಲಸವನ್ನ ಎಷ್ಟೋ ಸರ್ವರ್‌ಗಳಲ್ಲಿ ಮಾಡೋ ಲೈಬ್ರರಿ ಅದು. 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿ ಜೊತೆ ಒಂದು ತಪ್ಪು ಒಳಗೆ ಬಂತು. ಎರಡು ವರ್ಷ ಅಲ್ಲೇ ಕೂತಿತ್ತು. 2014ರ ಏಪ್ರಿಲ್ 7ಕ್ಕೆ ಬಯಲಾಯ್ತು. ಹೆಸರು ಹಾರ್ಟ್‌ಬ್ಲೀಡ್.

ತಪ್ಪು ಏನು ಗೊತ್ತಾ? ಒಬ್ಬ ಬಂದು ಒಂದು ಪಾವು ಅಕ್ಕಿ ಕೊಟ್ಟು, "ಒಂದು ಮೂಟೆ ಕೊಟ್ಟಿದ್ದೀನಿ, ವಾಪಸ್ ಕೊಡಿ" ಅಂತಾನೆ. ನೀವು ಅಳೆದು ನೋಡದೆ, ಪಕ್ಕದವರ ಅಕ್ಕಿನೂ ತುಂಬಿಸಿ ಮೂಟೆ ಕಟ್ಟಿ ಕೊಡ್ತೀರಿ. ಅಷ್ಟೇ. ಒಂದು ಸಲಕ್ಕೆ 64 ಕಿಲೋಬೈಟ್ ತನಕ ಸರ್ವರ್‌ನ ಮೆಮೊರಿ ಹೊರಗೆ. ಪಾಸ್‌ವರ್ಡ್ ಇರಬಹುದು, ಖಾಸಗಿ ಕೀ ಕೂಡ ಇರಬಹುದು.

ಅದೇ ತಿಂಗಳು ಓಪನ್‌ಬಿಎಸ್‌ಡಿ ತಂಡದವರು ಕೋಡ್‌ನ ಪ್ರತಿ ತಗೊಂಡು ಪೊರಕೆ ಹಿಡಿದ್ರು. ಹೊಸ ಹೆಸರು ಲಿಬ್ರೆಎಸ್‌ಎಸ್‌ಎಲ್. ಮೊದಲ ವಾರದಲ್ಲೇ ಸುಮಾರು 90,000 ಸಾಲು ಕಿತ್ತು ಹಾಕಿದ್ರು. ವಿಎಂಎಸ್‌ಗೆ, ಓಎಸ್/2ಗೆ, 16-ಬಿಟ್ ವಿಂಡೋಸ್‌ಗೆ ಅಂತ ಬರೆದಿದ್ದ ಕೋಡ್ ಎಲ್ಲ ಅಟ್ಟದ ಮೇಲಿನ ಒಡಕು ಪಾತ್ರೆ ಥರ ಹಾಗೇ ಇತ್ತು!

ನನ್ನ ತಲೆಯಿಂದ ಹೋಗದೇ ಇರೋದು ಇದು: ಓಪನ್‌ಬಿಎಸ್‌ಡಿಯಲ್ಲಿ ಮೆಮೊರಿ ತಪ್ಪಾಗಿ ಬಳಸಿದ ಪ್ರೋಗ್ರಾಂ ಕ್ರ್ಯಾಶ್ ಆಗಿ ಸಿಕ್ಕಿಬೀಳೋ ಹಾಗೆ ವ್ಯವಸ್ಥೆ ಇದೆ. ಓಪನ್‌ಎಸ್‌ಎಸ್‌ಎಲ್ ವೇಗದ ನೆಪದಲ್ಲಿ ತನ್ನದೇ ಮೆಮೊರಿ ದಾಸ್ತಾನು ಇಟ್ಕೊಂಡು ಅದನ್ನ ತಪ್ಪಿಸಿಕೊಂಡಿತ್ತು. ಆ ದಾಸ್ತಾನನ್ನ ಆಫ್ ಮಾಡಿದ್ರೆ ಲೈಬ್ರರಿನೇ ಕೆಟ್ಟು ನಿಂತಿತು. ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದೋ ಇನ್ನೊಂದು ಬಗ್ ಅದರ ಮರೆಯಲ್ಲಿ ಬದುಕ್ತಾ ಇತ್ತು. "ಓಡ್ತಾ ಇದೆ" ಅಂದ್ರೆ ಇದೇ ಸ್ವಾಮಿ.

"ಮುಟ್ಟಿ ಕೆಡಿಸಿದ ಡೆಬಿಯನ್ ಕಥೆ ಮರೆತ್ರಾ?" ಅಂತೀರಿ. ಮರೆತಿಲ್ಲ. 2006ರಲ್ಲಿ ಎಚ್ಚರಿಕೆ ಸಂದೇಶ ನಿಲ್ಲಿಸೋಕೆ ಇದೇ ಲೈಬ್ರರಿಯಲ್ಲಿ ಕೋಡ್ ತೆಗೆದ್ರು. ಕೀ ತಯಾರಿಸೋಕೆ ಬೇಕಾದ ಯಾದೃಚ್ಛಿಕತೆ ಹೋಗಿ ಪ್ರಾಸೆಸ್ ನಂಬರ್ ಒಂದೇ ಉಳೀತು, ಅಂದ್ರೆ ಹೆಚ್ಚೆಂದ್ರೆ 32,768 ಸಾಧ್ಯತೆ. ಗೊತ್ತಾಗಿದ್ದು 2008ರಲ್ಲಿ. ಆದ್ರೆ ತೆಗೆಯೋಕೆ ಮುಂಚೆ ಅವರು ಮೂಲ ತಂಡದವರನ್ನ ಕೇಳಿದ್ರು, ಯಾರೂ ತಡೀಲಿಲ್ಲ. ಹಾಗಾಗಿ ಆ ಕಥೆ ನನ್ನ ಪರ ಸಾಕ್ಷಿ: ಬೇರೆಯವರ ಬದಲಾವಣೆಯನ್ನ ಕೂತು ಓದೋಕೆ ಜನ ಬೇಕು, ಆ ಜನಕ್ಕೆ ಸಂಬಳ ಬೇಕು.

ಹಾರ್ಟ್‌ಬ್ಲೀಡ್‌ಗೆ ಮುಂಚೆ ಓಪನ್‌ಎಸ್‌ಎಸ್‌ಎಲ್‌ಗೆ ದೇಣಿಗೆ ಅಂತ ಬರ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್. ಅದನ್ನ ಪುಕ್ಕಟೆ ಬಳಸ್ತಿದ್ದವರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಇದ್ವು.

ನಾಳೆ ಆಫೀಸಲ್ಲಿ ನಿಮ್ಮ ಪ್ರಾಡಕ್ಟ್ ಯಾವ್ಯಾವ ಲೈಬ್ರರಿ ಮೇಲೆ ನಿಂತಿದೆ ಅಂತ ಪಟ್ಟಿ ತೆಗೀರಿ. ಅದರಲ್ಲಿ ಒಂದಕ್ಕಾದ್ರೂ ವಾರಕ್ಕೆ ಅರ್ಧ ದಿನ ಕೊಡ್ತೀವಿ ಅಂತ ಮ್ಯಾನೇಜರ್‌ಗೆ ಕೇಳಿ. ಏನಂದ್ರು ಅಂತ ಕೆಳಗೆ ಬರೀರಿ.

#ಕೋಡ್‌ಕಸ #ಮುಕ್ತತಂತ್ರಾಂಶ #ಕನ್ನಡದಲ್ಲಿಟೆಕ್